ನಮ್ಮ ಮಾವನ ಫೈಲಿಗೊಂದು ಫೋಟೋ

ನಮ್ಮ ಸೋದರಮಾವ ನಿಮ್ಮ ಮುಖ ನೋಡಿ ಮಾತಾಡುತ್ತಿದ್ದಾರೆಂದು ಹಿಗ್ಗಬೇಡಿ, ಅವರು ನೋಡುವುದು ಬರೀ ಮೂಗನ್ನು! ತುಮಕೂರಿನ ಮರಳೂರಿನಲ್ಲಿ ದೇವರ ವಿಗ್ರಹ ಕೆತ್ತುವ ಶಿಲ್ಪಿ ಅವರು. ಗುಬ್ಬಿ ಬಸ್ಸಿನಲ್ಲಿ ಎದುರು ಕೂತಿದ್ದ ಹೆಂಗಸಿನ ಮೂಗನ್ನು ನೋಡಿ ನೋಡಿ ಕಂಡಕ್ಟರ್ ಕೈಲಿ ಉಗಿಸಿಕೊಂಡದ್ದೂ ಉಂಟು.

ಕಂಡ ಚಂದದ ಮೂಗನ್ನೆಲ್ಲ ಸಿಕ್ಕ ಕಾಗದದ ಹಿಂದೆ ಬರೆದಿಡುತ್ತಾರೆ. ಲಗ್ನಪತ್ರಿಕೆಗೂ ವಿನಾಯಿತಿ ಇಲ್ಲ. ಒಮ್ಮೆ ಕರೆಂಟ್ ಬಿಲ್ಲಿನ ಹಿಂದೆ ಗಣಪತಿ ಬರೆದು, ಬಿಲ್ಲು ಕಟ್ಟುವುದನ್ನೇ ಮರೆತರು. ಲೈನ್‌ಮನ್ ಬಂದಾಗ ಬಿಲ್ಲು ತಿರುಗಿಸಿ ತೋರಿಸಿದರು. ಅವನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಕಂಬ ಹತ್ತಿ ಫ್ಯೂಸ್ ಕಿತ್ತ!

ಇಂಥವರು ತೊಂಬತ್ತರ ದಶಕದ ಕೊನೆಗೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದರು. ಮಾವ ಕಚೇರಿಗೆ ಹೊತ್ತೊಯ್ದ ಸೂಟ್‌ಕೇಸ್ ತುಂಬ ಇದ್ದ ಮೂಗಿನ ಚಿತ್ರಗಳನ್ನು ನೋಡಿ ಗುಮಾಸ್ತರು, "ನೀವು ಕೆತ್ತಿದ ವಿಗ್ರಹದ್ದು ಒಂದು ಫೋಟೋ ತನ್ನಿ ಸ್ವಾಮಿ. ನೀವು ಶಿಲ್ಪಿ ಅನ್ನೋದಕ್ಕೆ ಏನ್ ಗ್ಯಾರಂಟಿ?" ಎಂದರು. ಮಾತು ಮಾವನ ಎದೆಗೆ ನಾಟಿತು. ದೇವರ ಮೈಮೇಲೆ ಯಾರಾದರೂ ತಮ್ಮ ಹೆಸರು ಕೆತ್ತುತ್ತಾರೆಯೆ?

"ಕೆತ್ತುವಾಗಲೇ ಫೋಟೋ ಹೊಡೆಸೋದಲ್ವಾ ಮಾವ?" ಎಂದೆ.

"ಕಣ್ಣು ತೆರೆಯೋಗಂಟ ಅದು ಬರೀ ಕಲ್ಲು ಕಣ್ಲಾ. ಕಲ್ಲಿಗ್ಯಾಕ್ಲಾ ಫೋಟೋ?"

ವಿಗ್ರಹದ ಕಣ್ಣು ತೆರೆಸುವುದು ಪ್ರತಿಷ್ಠೆಯ ದಿನ. ಆಮೇಲೆ ಸೀರೆ, ಹೂವು, ಬೆಳ್ಳಿ ಮುಖವಾಡ ಬಂದು ಮಾವನ ಕೆಲಸವೆಲ್ಲ ಮುಚ್ಚಿಹೋಗುತ್ತದೆ!

ಕುಣಿಗಲ್ ಕಡೆಯ ಒಂದು ಊರಿನ ಗುಡಿಗೆ ತಾವು ಕೆತ್ತಿಕೊಟ್ಟ ಅಮ್ಮನವರ ಮೇಲೆ ಅವರಿಗೆ ಎಲ್ಲಿಲ್ಲದ ಅಭಿಮಾನ. ನನ್ನ ಕೈಗೆ ಕ್ಯಾಮೆರಾ ಕೊಟ್ಟು ಹೊರಡಿಸಿದರು. "ಅಲಂಕಾರ ಆಗೋಯ್ತಲ್ಲ" ಎಂದು ಅರ್ಚಕರು ವಾಪಸ್ಸು ಕಳಿಸಿದರು. ಮತ್ತೆ ಹೋದೆವು, ಮತ್ತೆ ಅದೇ. ಹಿಡಿದ ಪಟ್ಟು ಬಿಡುವ ಆಸಾಮಿಯೆ? ಮೂರನೆಯ ಸಲ ಅರ್ಚಕರೇ ಸೋತು, "ಶುಕ್ರವಾರ ಅಭಿಷೇಕದ ಹೊತ್ತಿಗೆ ಬನ್ನಿ" ಎಂದರು.

ಶುಕ್ರವಾರ ಮುಖವಾಡ ತೆಗೆದರು. ನೀರು ಇಳಿಯುತ್ತಿದ್ದ ಆ ಮುಖ ನೋಡಿದೆ. ಮಾವ ಕಾಗದದ ಹಿಂದೆ ಬರೆದಿಟ್ಟಿದ್ದ ಅದೇ ಗುಬ್ಬಿ ಬಸ್ಸಿನ ಮೂಗು! ಕ್ಯಾಮೆರಾ ಎತ್ತಿದೆ. ಮಾವ ಅಂಗೈ ಅಡ್ಡ ಹಿಡಿದರು.

"ಬ್ಯಾಡ ಕಣ್ಲಾ. ಸ್ನಾನ ಮಾಡ್ತಾವ್ಳೆ."

"ನೀವೇ ಕೆತ್ತಿದ್ದಲ್ವಾ ಮಾವ!"

"ಅದ್ಕೇ ಕಣ್ಲಾ. ಮಗಳು ನೀರು ಹುಯ್ಕೊಳ್ಳುವಾಗ ಅಪ್ಪ ಫೋಟೋ ತೆಗೆಸ್ತಾನೇನ್ಲಾ?"

ಅಷ್ಟು ಹಟ ಹಿಡಿದು ಬಂದವರು ಗರ್ಭಗುಡಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತುಬಿಟ್ಟರು. ಮುಚ್ಚಿದ ಕಣ್ಣಲ್ಲಿ ನೀರಿತ್ತು. ಕ್ಯಾಮೆರಾ ಅವರ ಕಡೆ ತಿರುಗಿಸಿ ಒತ್ತಿದೆ.

ವಿಗ್ರಹವಿಲ್ಲದ ಆ ಫೋಟೋವನ್ನೇ ಫೈಲಿಗೆ ಸೇರಿಸಿದೆವು. ಮಾಸಾಶನ ಬರಲಿಲ್ಲ. ಆದರೆ ಮಾವ ಶಿಲ್ಪಿ ಅನ್ನುವುದಕ್ಕೆ ನನಗೆ ಬೇರೆ ಗ್ಯಾರಂಟಿ ಬೇಕಾಗಲಿಲ್ಲ.