ನಾಲ್ಕು ರುಜುಗಳ ಪತ್ರಿಕೆ

ಆ ವರ್ಷದ ದಿನಚರಿ ಈಗ ನನ್ನ ಮುಂದಿದೆ. ಅದರಲ್ಲಿ ‘ಸಭೆ ಸುಸೂತ್ರವಾಗಿ ನಡೆಯಿತು; ನನ್ನ ನಿಯಮಾವಳಿಯನ್ನು ಎಲ್ಲರೂ ಏಕಚಿತ್ತದಿಂದ ಕೇಳಿದರು’ ಎಂದು ಬರೆದಿದೆ. ಬರೆದವನು ನಾನೇ ಆದ್ದರಿಂದ ಪೂರ್ತಿ ನಂಬುವ ಹಾಗಿಲ್ಲ. ಅವತ್ತು ಇಬ್ಬರು ತೂಕಡಿಸುತ್ತಿದ್ದರು ಎಂದು ನನ್ನ ಹೆಂಡತಿ ಶಾರದೆ ಇವತ್ತಿಗೂ ಹೇಳುತ್ತಾಳೆ.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತು ನಮ್ಮ ಊರುಗಳು ಮುಳುಗಿದ ಮರುವರ್ಷದ ಮಾತು. ನಾಲ್ಕು ಊರಿನವರು ಶಿವಮೊಗ್ಗ, ಭದ್ರಾವತಿ, ಗಾಜನೂರು ಎಂದು ಜಾಗ ಸಿಕ್ಕ ಕಡೆ ಚದುರಿಹೋಗಿದ್ದೆವು. ಯಾವ ಕಚೇರಿಗೆ ಯಾವ ಅರ್ಜಿ ಎಂಬುದು ಒಬ್ಬನಿಗೆ ಗೊತ್ತಾದರೆ ಇನ್ನೊಬ್ಬನಿಗೆ ತಲುಪುತ್ತಿರಲಿಲ್ಲ. ಅದಕ್ಕೆ ನಾವೇ ಒಂದು ವಾರಪತ್ರಿಕೆ ಹೊರಡಿಸಿದೆವು. ಒಂದೇ ಹಾಳೆ, ಎರಡು ಮಗ್ಗುಲು. ಹೆಸರು ‘ಹೊಸ ನೆಲೆ’. ಬಿ.ಎ. ಓದಿದವನೆಂಬ ಒಂದೇ ಅಪರಾಧಕ್ಕೆ ನಾನು ಸಂಪಾದಕನಾದೆ.

ಪತ್ರಿಕೆ ಯಾರೊಬ್ಬರ ಕೈಗೂ ಹೋಗಬಾರದು, ನಾಲ್ಕೂ ಊರಿನದಾಗಿರಬೇಕು ಎಂಬುದು ಎಲ್ಲರ ಹಟ. ಹಟಕ್ಕೆ ಕಾರಣವಿತ್ತು. ಊರು ಬಿಡುವ ಮುಂಚೆ ಯಾರೋ ತಂದ ಕಾಗದಗಳಿಗೆ ನಮ್ಮವರು ಓದದೆ ಹೆಬ್ಬೆಟ್ಟು ಒತ್ತಿದ್ದರು. ಇನ್ನು ಓದದೆ ರುಜು ಇಲ್ಲ! ರಾಜ್ಯಶಾಸ್ತ್ರ ಓದಿದ್ದ ನಾನು ಈ ಹಟವನ್ನು ಹದಿನೇಳು ಕಲಮುಗಳ ನಿಯಮಾವಳಿಯಾಗಿ ಮಾಡಿದೆ. ಒಂಬತ್ತನೆಯದು ನನ್ನ ಹೆಮ್ಮೆ: ‘ನಾಲ್ಕೂ ಊರಿನ ಸದಸ್ಯರು ಪ್ರೂಫ್ ಓದಿ ರುಜು ಹಾಕದೆ ಏನನ್ನೂ ಅಚ್ಚು ಮಾಡತಕ್ಕದ್ದಲ್ಲ. ಒಂದಕ್ಷರ ಬದಲಾದರೂ ನಾಲ್ವರೂ ಮತ್ತೆ ರುಜು ಹಾಕತಕ್ಕದ್ದು.’ ನಾಲ್ವರಲ್ಲಿ ಒಬ್ಬ ಶಿವಮೊಗ್ಗದಲ್ಲಿದ್ದ ನಾನು; ಉಳಿದ ಮೂವರು ಮೂರು ದಿಕ್ಕಿನಲ್ಲಿದ್ದರು.

ಎಂಥ ಪ್ರಜಾಪ್ರಭುತ್ವ!

ಒಂದು ಸೋಮವಾರ ಶಿವಮೊಗ್ಗದ ಪುನರ್ವಸತಿ ಕಚೇರಿಯ ಗೋಡೆಯ ಮೇಲೆ ಪ್ರಕಟಣೆ ಕಂಡಿತು. ಬದಲಿ ಜಮೀನಿಗೆ ಅರ್ಜಿ ಹಾಕಲು ಶುಕ್ರವಾರ ಸಂಜೆ ಐದು ಗಂಟೆಯೇ ಕೊನೆ. ತಪ್ಪಿದರೆ ಜಮೀನಿಲ್ಲ. ಅಚ್ಚುಕೂಟಕ್ಕೆ ಓಡಿ, ಸಂಜೆಯೊಳಗೆ ಅಚ್ಚುಮೊಳೆ ಜೋಡಣೆ ಮಾಡಿಸಿ, ಪ್ರೂಫ್ ಹಿಡಿದು ಮನೆಗೆ ಬಂದೆ.

“ಇಂಥಾ ಸುದ್ದಿಗೂ ರುಜು ಬೇಕಾ? ಹಂಗೇ ಅಚ್ಚು ಹಾಕಿಸಿಬಿಡಿ,” ಎಂದಳು ಶಾರದೆ.

“ಒಂಬತ್ತನೇ ಕಲಮು ಇದೆಯಲ್ಲೇ!”

“ಅದನ್ನ ಬರೆದೋರು ಯಾರು?”

ನಾನು ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದೆ.

ಮಂಗಳವಾರ ಗಾಜನೂರು. ನಮ್ಮಲ್ಲೆಲ್ಲ ಹಿರಿಯರಾದ ತಿಮ್ಮಪ್ಪಜ್ಜ ಅಕ್ಕಪಕ್ಕದವರನ್ನೂ ಕರೆದು ಕೂರಿಸಿ ಪ್ರೂಫನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕನ್ನಡಕ ಹಣೆಗೇರಿಸಿದರು.

“ಇದೇನೋ ಮಾರಾಯ, ನಮ್ಮೂರ ಹೆಸರು ಮೂರನೇದು?”

“ಅಕಾರಾದಿ ಕ್ರಮ ಅಜ್ಜ.”

“ಹೊಳೆಗೆ ಅಕ್ಷರ ಬರ್ತದೇನೋ? ಹೊಳೆ ಮೇಲಿನ ಊರು ಮೊದಲು. ವೀಳ್ಯ ಕೊಡುವಾಗ ಏನು ಅಕಾರಾದಿ ನೋಡ್ತಿದ್ವಾ?”

ತಿದ್ದಿದೆ. ರುಜು ಬಿತ್ತು.

ಬುಧವಾರ ಬೆಳಿಗ್ಗೆ ಶಾರದೆ ನಮ್ಮದೇ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಎಲ್ಲಾ ಬರೆದಿದೀನಿ ರೀ. ಒಂದು ರುಜು ಹಾಕಿ ಹೋಗಿ.”

“ಓದದೆ ಹೇಗೆ ಹಾಕೋದು? ಬಸ್ಸು ಹೋಗುತ್ತೆ. ಸಂಜೆ ಓದ್ತೀನಿ.”

“ನಿಮ್ಮ ರುಜು ನಾನೇ ಹಾಕಲಾ?”

“ಛೆ ಛೆ! ಫೋರ್ಜರಿ!”

ಭದ್ರಾವತಿಯಲ್ಲಿ ಚೌಡಪ್ಪ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದ. ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ಹಿಡಿದೆ. ಅವನೂ ತನ್ನೂರಿನ ಹತ್ತು ಜನರನ್ನು ಸುತ್ತ ನಿಲ್ಲಿಸಿಕೊಂಡು ಓದಿದ.

“ಮೇಲಿನ ಊರು ಮೊದಲಾ ಸಾರ್? ಮೊದಲು ಮುಳುಗಿದ್ದು ಯಾರ ಊರು? ನಮ್ಮೂರು! ಮುಳುಗೋಕೆ ಮೊದಲು, ಹೆಸರಿಗೆ ಕೊನೆ. ಇದ್ಯಾವ ನ್ಯಾಯ?”

ನನ್ನ ರಾಜ್ಯಶಾಸ್ತ್ರವನ್ನು ಬದಿಗಿಟ್ಟೆ. ಕೊನೆಗೆ ಹೆಸರುಗಳನ್ನೇ ಹೊಡೆದುಹಾಕಿ ‘ನಾಲ್ಕೂ ಊರಿನವರು’ ಎಂದು ಬರೆದೆ. ಚೌಡಪ್ಪ ಒಪ್ಪಿದ. ಒಂಬತ್ತನೇ ಕಲಮಿನ ಪ್ರಕಾರ ಅಜ್ಜನ ರುಜು ಬಿದ್ದುಹೋಯಿತು.

ಗುರುವಾರ ಶಿವಮೊಗ್ಗದ ಅಂಚಿನ ಆಲ್ಕೊಳ. ಹಾಲಪ್ಪಗೌಡರು ಕಾಫಿ ಕೊಟ್ಟರು. ಮೊದಲ ಸಾಲಿಗೇ ಬೆರಳಿಟ್ಟರು.

“‘ನಮ್ಮ ಬಡ ಕುಟುಂಬಗಳು’. ಯಾರ್ರೀ ಬಡವರು?”

“ಗೌಡರೇ, ಕಚೇರಿ ಸಾಹೇಬರಿಗೆ ಕನಿಕರ ಬರಲಿ ಅಂತ...”

“ನೀರು ಬಂತು, ಎದ್ದು ಬಂದ್ವಿ. ನಮ್ಮದನ್ನ ನಾವು ಕೇಳ್ತಿದೀವಿ. ತೆಗೀರಿ ಅದನ್ನ.”

ಅವರು ಹೇಳಿದ್ದು ಸರಿ. ತೆಗೆದೆ. ಚೌಡಪ್ಪನ ರುಜುವೂ ಬಿದ್ದುಹೋಯಿತು!

ಬುಧವಾರ, ಗುರುವಾರ ಎರಡು ಸಂಜೆಯೂ ಮನೆಯ ಅರ್ಜಿಯನ್ನು ನಾನೇಕೆ ಓದಲಿಲ್ಲ? ದಿನಚರಿಯಲ್ಲಿ ‘ಬಹಳ ದಣಿವು’ ಎಂದಿದೆ. ಹದಿನೆಂಟನೆಯ ಕಲಮು ಬರೆಯುತ್ತಾ ಕೂತಿದ್ದಿರಿ ಎನ್ನುತ್ತಾಳೆ ಶಾರದೆ. ಅವಳದೇ ನಿಜವಿರಬೇಕು.

ಶುಕ್ರವಾರ ಬೆಳಗಾಗುತ್ತಲೇ ಮತ್ತೆ ಗಾಜನೂರಿಗೆ ಸೈಕಲ್ ತುಳಿದೆ. ಅಜ್ಜ ಮನೆಯಲ್ಲಿಲ್ಲ, ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿದ್ದರು. ಮಧ್ಯಾಹ್ನದ ತನಕ ಕಾದು ರುಜು ಹಾಕಿಸಿಕೊಂಡೆ. ಅಲ್ಲಿಂದ ಬಂದು ಬಸ್ಸು ಹಿಡಿದು ಭದ್ರಾವತಿ, ಅಲ್ಲಿಂದ ಅಚ್ಚುಕೂಟ. ಮಸಿ ಆರದ ಮೊದಲ ಪ್ರತಿಯನ್ನು ಬಾವುಟದಂತೆ ಹಿಡಿದು ಕಚೇರಿಗೆ ಓಡಿದಾಗ ಗುಮಾಸ್ತರು ಬೀಗ ಹಾಕುತ್ತಿದ್ದರು. ಐದೂ ಹತ್ತು.

“ನಮ್ಮ ಜನಕ್ಕೆ ಸುದ್ದಿಯೇ ತಲುಪಿಲ್ಲ ಸ್ವಾಮಿ, ಇನ್ನೊಂದು ದಿನ ಕೊಡಿ,” ಎಂದು ಏದುಸಿರು ಬಿಟ್ಟೆ.

“ತಲುಪದೆ ಏನು? ಯಾರೋ ಒಬ್ಬರು ಪ್ರೂಫ್ ಹಿಡ್ಕೊಂಡು ಊರೂರು ಸುತ್ತಿದರಂತೆ. ಕೇಳಿದೋರೆಲ್ಲ ಒಬ್ಬರಿಗೊಬ್ಬರು ಹೇಳಿ ಮಂಗಳವಾರದಿಂದಲೇ ಸಾಲು ನಿಂತಿದ್ರು. ನಿಮ್ಮ ನಾಲ್ಕೂ ಊರಿನೋರದ್ದು ಬಂದಿದೆ, ಒಂದು ಬಿಟ್ಟು.”

“ಯಾರದು?”

ಅವರು ಪಟ್ಟಿ ತೆಗೆದು ಹೆಸರು ಓದಿದರು. ನನ್ನದು!

ಮನೆಯಲ್ಲಿ ಶಾರದೆ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೈಯಲಿಲ್ಲ. “ಈಗ ನಿಧಾನವಾಗಿ ಓದಿ. ಬೇಕಾದಷ್ಟು ಹೊತ್ತಿದೆ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ವಾಸಿಯಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಒಟ್ಟಿಗೆ ನಮ್ಮ ಮನೆಗೆ ಬಂದರು. ಮುಂದಿನ ಸಂಚಿಕೆಯ ಸುದ್ದಿಯನ್ನು ತಾವೇ ಬರೆದುಕೊಂಡು ಬಂದಿದ್ದರು: ‘ಹೊಸ ನೆಲೆಯ ಸಂಪಾದಕರ ಅರ್ಜಿಯನ್ನು ತೆಗೆದುಕೊಳ್ಳುವ ತನಕ ನಾಲ್ಕೂ ಊರಿನವರು ಯಾರೂ ಹೊಸ ಜಮೀನಿಗೆ ಕಾಲಿಡುವುದಿಲ್ಲ.’

ಕಾಗದ ತೆಗೆದುಕೊಳ್ಳಲು ಕೈ ಚಾಚಿದೆ.

“ತಡಿ, ಇನ್ನೊಂದು ಸಾಲು ಸೇರಿಸು,” ಎಂದರು ತಿಮ್ಮಪ್ಪಜ್ಜ, ಚೌಡಪ್ಪನಿಗೆ. “‘ಇವರು ತಡ ಮಾಡಿದ್ದು ದುರುದ್ದೇಶದಿಂದಲ್ಲ, ತಿಳಿವಳಿಕೆ ಸಾಲದೆ’ ಅಂತ ಬರಿ. ಸಾಹೇಬ್ರು ಇಲ್ಲ ಅನ್ನಲ್ಲ.”

“ಸರಿಯಾಗಿದೆ,” ಎಂದರು ಹಾಲಪ್ಪಗೌಡರು. ಶಾರದೆ ಒಳಗಿನಿಂದಲೇ, “ಬಹಳ ಸರಿಯಾಗಿದೆ!” ಎಂದಳು. ಮೂರು ರುಜುಗಳು ಮೂರು ನಿಮಿಷದಲ್ಲಿ ಬಿದ್ದವು. ಆ ಪತ್ರಿಕೆಯ ಚರಿತ್ರೆಯಲ್ಲೇ ಚರ್ಚೆಯಿಲ್ಲದೆ ಅಂಗೀಕಾರವಾದ ಮೊದಲ ಸುದ್ದಿ ಅದು. ಮುಂದೆ ಸಾಹೇಬರು ನನ್ನ ಅರ್ಜಿ ತೆಗೆದುಕೊಂಡಾಗ ಬೆರಳಿಟ್ಟು ತೋರಿಸಿದ್ದೂ ಆ ಸಾಲನ್ನೇ.

ಚೌಡಪ್ಪ ಕಾಗದವನ್ನು ನನ್ನತ್ತ ಸರಿಸಿದ. “ನಾಲ್ಕನೇದು ನಿಮ್ದು ಸಾರ್. ಓದಿ ಹಾಕಿ.”

ಓದಿದೆ. ಎರಡು ಸಲ ಓದಿದೆ. ತಿದ್ದಲು ಒಂದಕ್ಷರವೂ ಸಿಗಲಿಲ್ಲ.

ರುಜು ಹಾಕಿದೆ.