ಬಾವ್ಯಾಗ ತೇಲಿದ ನಾದಿನಿ

ಆಗ ನನಗ ಎಪ್ಪತ್ತೊಂದು. ಈ ಮಾತಿಗೆ ಮೂರು ವರ್ಷ ಆತು. ನನ್ನ ಗಂಡನ ತಂಗಿ, ಅಂದ್ರ ನನ್ನ ನಾದಿನಿಗೆ ಅರವತ್ತೊಂದು. ಆ ವಯಸ್ಸಿಗೆ ಹೆಣ್ಣಮಕ್ಕಳು ಮಣಕಾಲಿಗೆ ಔಷಧ ಹುಡುಕತಾರ. ಅಕಿ ಸಮುದ್ರದ ತಳ ಹುಡುಕಾಕ ಹೊಂಟಳು. ಅದೂ ಎಂಥಾಕಿ? ಬಚ್ಚಲದಾಗ ತಲಿ ಮ್ಯಾಲ ನೀರ ಹಾಕ್ಕೊಳ್ಳಾಕೂ ಕಣ್ಣ ಮುಚ್ಚಿ ಶಿವಾ ಶಿವಾ ಅನ್ನಾಕಿ! ನಮ್ಮ ನೇಸರಗಿಯೊಳಗ ಇಂಥಾ ಇನ್ನೊಂದು ತಲಿ ಇದ್ರ ತೋರಸ್ರಿ.

ಮೂವತ್ತಾರು ವರ್ಷ ದವಾಖಾನಿಯೊಳಗ ನರ್ಸ್ ಆಗಿದ್ದಳು. ಮದುವಿ ಆಗಲಿಲ್ಲ, ನಮ್ಮ ಮನ್ಯಾಗನ ಉಳದಳು. ನೌಕರಿ ಮುಗದಮ್ಯಾಲ ಗೆಳತ್ಯಾರ ಜೋಡಿ ಕಡಲ ನೋಡಾಕ ಹೋಗಿ, ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ನೀರಾಗ ಇಳದಳಂತ. ಕಣ್ಣಿಗೆ ಹಾಕೂ ಗಾಜಿನ ಮಾಸ್ಕಿನ್ಯಾಗ ಒಂದ ಚಮಚಾ ನೀರ ಹೊಕ್ಕತು. ಹೆದರಿ ಮ್ಯಾಲಕ ಹಾರಿ ಬಂದಳು. ಹಂಗ ಹಾರಿ ಬರೂದು ಜೀವಕ್ಕ ಅಪಾಯ ಅಂತ ಅಲ್ಲಿ ನೀರಾಗ ಇಳಿಯೂದು ಕಲಸಾವ ಬೈದನಂತ. ಈಸೂದು, ಹತ್ತ ನಿಮಿಷ ತೇಲೂದು, ಮಾಸ್ಕಿನ ನೀರ ಮೂಗಲೆ ಊದಿ ತಗಿಯೂದು, ಇಷ್ಟು ಕಲತು ಬರ್ರಿ, ಆವಾಗೂ ಓಡಿ ಬಂದ್ರ ಮತ್ತ ಇಳಸೂದಿಲ್ಲ ಅಂದ.

"ಬಿಡ ಅತ್ತಾಗ," ಅಂದೆ ನಾನು.

"ಮಂದಿ ಸಾಯೂದು ನೋಡಿ ಹೆದರಲಿಲ್ಲ ವೈನಿ. ಒಂದ ಚಮಚಾ ನೀರಿಗೆ ಹೆದರಿದೆ. ನನಗ ನಾಚಿಕಿ ಆಗೇತಿ," ಅಂದಳು.

ಒಂದು ಮಾಸ್ಕು, ಬಾಯಾಗ ಹಿಡದು ಉಸಿರಾಡೂ ಒಂದು ಕೊಳವಿ ತರಿಸಿದಳು. ಮೊದಲನೇ ಪಾಠ ಬಚ್ಚಲದಾಗ. ಅಕಿ ಮಾಸ್ಕ್ ಹಾಕ್ಕೊಂಡು ಮಣಿ ಮ್ಯಾಲ ಕುಂಡ್ರೂದು, ನಾ ತಂಬಿಗಿಲೆ ಅದರಾಗ ನೀರ ಸುರವೂದು, ಅಕಿ ಮೂಗಲೆ ಊದೂದು. ಹೆಪ್ಪ ಕೇಳಾಕ ಬಂದ ಬಾಜು ಮನಿಯಾಕಿ ಬಾಗಲದಾಗ ನಿಂತು ಇದನ್ನೆಲ್ಲಾ ನೋಡಿದಳು.

"ಅಕ್ಕಾರ, ಇವರಿಗೆ ಭಾಳ ದಿನದಿಂದ ಐತೇನ್ರಿ?" ಅಂತ ಮೆಲ್ಲಕ ಕೇಳಿದಳು.

"ಹುಟ್ಟಿದಾಗಿಂದ ಐತಿ," ಅಂದೆ.

ಆಮ್ಯಾಲ ನಮ್ಮ ಹೊಲದ ಮೆಟ್ಟಲ ಬಾವಿ. ನನ್ನ ತವರಮನಿ ಹೂಲಿ. ಸಣ್ಣಾಕಿದ್ದಾಗ ಅಲ್ಲಿ ಗಂಡಹುಡುಗರ ಜೋಡಿ ಬಾವ್ಯಾಗ ಈಸಿದಾಕಿ ನಾನು. ಹಿಂಗಾಗಿ ಮಾಸ್ತರಕಿ ನನ್ನ ಪಾಲಿಗೆ ಬಂತು. ಅಕಿ ಸೊಂಟಕ್ಕ ಖಾಲಿ ಎಣ್ಣಿ ಡಬ್ಬಿ ಕಟ್ಟಿ ಹಿಂದಿಂದ ನೂಕಿದೆ. ಚೀರಾಡಿದಳು, ಬೈದಳು, ನನ್ನ ತವರಮನಿ ಮಂದೀನೂ ಬೈದಳು. ಶ್ರಾವಣದಾಗ ಕಟ್ಟಿದ ಡಬ್ಬಿ ದೀಪಾವಳಿಗೆ ಬಿಚ್ಚಿದೆ.

ಒಂದಿನ ಹತ್ತ ನಿಮಿಷದ ಪರೀಕ್ಷಾ ಇಟ್ಟಿವಿ. ಅಕಿ ಕೊಳವಿ ಕಚ್ಚಿ, ಮುಖಾ ನೀರಾಗಿಟ್ಟು, ಕೈಕಾಲ ಬಿಟ್ಟು ತೇಲಾಕತ್ತಳು. ನಾ ಗಡಿಯಾರ ಹಿಡದು ಮೆಟ್ಟಲ ಮ್ಯಾಲ ಶೇಂಗಾ ತಿನಕೋತ ಕುಂತೆ. ಆಡ ಮೇಸಾವ ಒಬ್ಬಾವ ಮ್ಯಾಲಿಂದ ಬಗ್ಗಿ ನೋಡಿದ. ನಮ್ಮ ಕಡೆ ಬಾವ್ಯಾಗ ಹೆಂಗಸು ಕಂಡ್ರ ಈಸಾಕ ಬಿದ್ದಾಳ ಅಂತ ಯಾರ ತಿಳೀತಾರ? ಹಗ್ಗಾ, ಕೊಡ ತಗಿಯೂ ಪಾತಾಳಗರಡಿ ಹಿಡಕೊಂಡು ಅರ್ಧಾ ಊರ ಓಡಿ ಬಂತು.

ಹಿರ್ಯಾರೊಬ್ಬರು ನನಗ ಬೈದರು, "ನಾದಿನಿ ಹೆಣಾ ತೇಲಾಕತ್ತೈತಿ, ಶೇಂಗಾ ತಿಂತೀಯಲ್ಲವಾ! ಏನ ಅಂದಿದ್ದಿ ಅಕಿಗೆ?"

"ಇನ್ನೂ ಎರಡ ನಿಮಿಷ ಐತ್ರಿ. ಗದ್ದಲಾ ಮಾಡಬ್ಯಾಡ್ರಿ," ಅಂದೆ.

ಅಷ್ಟರಾಗ ಒಬ್ಬ ಗಟ್ಟಿ ಆಳು ಧೋತರ ಮ್ಯಾಲಕ ಕಟ್ಟಿ ಧುಮುಕಿ ಅಕಿ ತೋಳಿಗೆ ಕೈ ಹಾಕಿದ. ಹೆಣಾ ತಿರುಗಿ ನೋಡಿತು. ಅಂವ ಅಂಜಿ, ನೀರ ಕುಡದು, ತಾನ ಮುಳಗಾಕತ್ತಿದ. ಆ ಗುದ್ದಾಟದಾಗ ಅಕಿ ಮಾಸ್ಕಿನ ತುಂಬ ನೀರ. ಈಗ ಸತ್ತಳಪಾ ಇಕಿ ಅಂತ ನಾ ಎದ್ದ ನಿಂತೆ. ಅಕಿ ಒದ್ದಾಡಲಿಲ್ಲ. ಮಾಸ್ಕಿನ ಮ್ಯಾಲಿನ ಅಂಚ ಒತ್ತಿ, ಮೂಗಲೆ ಫೂ ಅಂತ ಊದಿ, ಅವನ ಅಂಗಿ ಹಿಡದು ಮೆಟ್ಟಲಿಗೆ ಎಳದ ತಂದು, ಬೋರಲ ಮಲಗಿಸಿ ಬೆನ್ನ ಗುದ್ದಿದಳು. ಅಂವ ಕೆಮ್ಮಿದ ಮ್ಯಾಲ ನನ್ನ ಕಡೆ ತಿರುಗಿದಳು.

"ಎಷ್ಟ ಆತು ವೈನಿ?"

"ಒಂಬತ್ತ. ಒಂದ ಕಡಿಮಿ."

"ಇವನಿಂದ ಆತು," ಅಂದಳು.

ಹತ್ತೂ ನಿಮಿಷ ತೇಲಿ ತೋರಿಸಿದಮ್ಯಾಲ, ಚಳಿಗಾಲದಾಗ ಇಬ್ಬರೂ ಕಡಲಿಗೆ ಹೋದಿವಿ. ದೋಣಿ ಅಂಚಿಗೆ ಕುಂತು ಬೆನ್ನ ಹಿಂದ ಮಾಡಿ ಬೀಳಬೇಕಂತ. ಅಕಿ ಹಿಡದ ಅಂಚ ಬಿಡವಲ್ಲಳು.

"ಬೀಳತಿದ್ರ ಬೀಳು, ಇಲ್ಲಂದ್ರ ಮನಿಗೆ ನಡಿ. ನನಗ ಬಿಸಲ ಹತ್ತೇತಿ," ಅಂದೆ.

ಬಿದ್ದಳು. ಕಲಸಾವನೂ ಅಕಿ ಜೋಡಿ ಇಳದ. ಕೆಳಗಿಂದ ಉಸಿರಿನ ಗುಳ್ಳಿ ಬರತಿದ್ರ ಚಿಂತಿಲ್ಲ ಅಂತ ದೋಣಿಯಾವ ಹೇಳಿದ್ದ. ಅರ್ಧಾ ತಾಸು ರೆಪ್ಪಿ ಹೊಡೀದ ಗುಳ್ಳಿ ನೋಡಿದೆ.

ಮ್ಯಾಲ ಬಂದಮ್ಯಾಲ ಕಲಸಾವ ಅಂದ, ತಳದಾಗ ಮಾಸ್ಕ್ ಪೂರ್ತಿ ತಗಿಸಿ ಮತ್ತ ಹಾಕಿಸಿದ್ದೆ, ಅಮ್ಮ ಕದಲಲಿಲ್ಲ ಅಂತ.

"ಮೀನ ನೋಡಿದಿ?" ಅಂತ ಕೇಳಿದೆ.

"ಇದ್ದವು ವೈನಿ. ನಾ ಸರಿಯಾಗಿ ನೋಡಲಿಲ್ಲ." ಮಾಸ್ಕಿನ ನೀರ ಜಾಡಿಸಿಕೋತ ಅಂದಳು, "ಮೂವತ್ತಾರು ವರ್ಷ ಮಂದಿ ಉಸಿರ ಎಣಿಸಿದೆ. ಅಣ್ಣಂದು ಕಡೀ ಉಸಿರೂ ನಾನ ಎಣಿಸಿದೆ. ಕೆಳಗ ಬ್ಯಾರೆ ಏನೂ ಸಪ್ಪಳಿಲ್ಲ, ನನ್ನ ಉಸಿರ ಒಂದ ಕೇಳತೈತಿ. ಅದನ್ನ ಕೇಳಕೋತ ಕುಂತೆ."

ಅಣ್ಣ ಅಂದ್ರ ನನ್ನ ಗಂಡ. ಬುತ್ತಿ ಬಿಚ್ಚಿ ಅಕಿ ಮುಂದ ಇಟ್ಟೆ.

ಮರುದಿನ ಮುಂಜಾನೆ ನೋಡತೇನಿ, ಉಪ್ಪನೀರಿಗೆ ಅಕಿ ಕೂದಲ ತೆಂಗಿನ ನಾರಿನ ಕತ್ತದಂಗ ಆಗಿತ್ತು. ಹಣಗಿ ಹಿಡದು ಒದ್ದಾಡಾಕತ್ತಿದ್ದಳು. ಐವತ್ತ ವರ್ಷ ಒಂದ ಮನ್ಯಾಗ ಇದ್ದು ಒಮ್ಮಿನೂ ಅಕಿ ತಲಿ ಮುಟ್ಟಿದಾಕಿ ಅಲ್ಲ ನಾನು. ಹಣಗಿ ಕಸಗೊಂಡು, ಹಿಂದ ಕುಂತು, ಒಂದೊಂದ ಗಂಟ ಬಿಡಿಸಿ ಜಡಿ ಹಾಕಿದೆ.