ಕೊಟ್ರೇಶನ ಚೀಸಿನ ತಾಟು

ಬೀಗರು ಬರಲು ಎರಡೇ ತಾಸು ಉಳಿದಿದ್ದಾಗ ಗದಿಗೆವ್ವನ ಗ್ಯಾಸ್ ಒಲೆ ‘ಫುಸ್’ ಎಂದು ಕೊನೆಯುಸಿರೆಳೆಯಿತು. ಉಪ್ಪಿಟ್ಟಿನ ರವೆ ನಿಶ್ಚಯವಾಗದ ಮದುವೆಯಂತೆ ಅರ್ಧಕ್ಕೇ ನಿಂತಿತು.

“ಮುಗೀತಲ್ಲೋ ಕೊಟ್ರ್ಯಾ! ಸಿಲಿಂಡರೂ ಮುಗೀತು, ನಿನ್ನ ಲಗ್ನಾನೂ ಮುಗೀತು!”

“ಲಗ್ನ ಇನ್ನ ಚಾಲೂನ ಆಗಿಲ್ಲಬೇ, ಮುಗಿಯೂದೆಲ್ಲಿಂದ ಬಂತು?” ಎಂದ ಮಗ.

ಕೊಟ್ರೇಶ ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಪ್ರಯೋಗಾಲಯ ಸಹಾಯಕ. ವಯಸ್ಸು ಮೂವತ್ತೊಂದು. ಆರು ಕಡೆ ಹೆಣ್ಣು ನೋಡಿ, ಆರೂ ಕಡೆ ಅವಲಕ್ಕಿಯಷ್ಟೇ ದಕ್ಕಿಸಿಕೊಂಡವನು. ಏಳನೆಯವಳು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನ ಮಗಳು ಪುಷ್ಪಲತಾ. ಪವಾಡವೆಂದರೆ ಅವಳು ಇವನನ್ನು ನೋಡಿ ನಕ್ಕಿದ್ದಳು. ಇವತ್ತು ಅವಳ ತಂದೆ ತಾಯಿ ಮನೆತನ ನೋಡಲು ಬರುವವರು. ಅವರು ಹೂಂ ಎಂದರೆ ಆಯಿತು, ಊಹೂಂ ಎಂದರೆ ಮತ್ತೆ ಅವಲಕ್ಕಿ.

“ಮಗ್ಗಲ ಮನಿ ಶಂಕ್ರಪ್ಪನ್ನ ಸಿಲಿಂಡರ್ ಕೇಳೂಣೇನೋ?”

“ಬ್ಯಾಡಬೇ. ಬೀಗರ ಮುಂದನ ‘ಉಪ್ಪಿಟ್ಟು ಇವರದು, ಉರಿ ನಮ್ಮದು’ ಅಂತಾನವ. ಹೊಟೇಲಿಂದ ತಂದ್ರ ‘ಇವರ ಮನ್ಯಾಗ ಒಲಿನ ಹತ್ತಂಗಿಲ್ಲ’ ಅಂತಾರ ಅವರು. ತಡಿ, ನನಗೊಂದು ಐಡಿಯಾ ಹೊಳದೈತಿ!”

ಭಾನುವಾರದ ಪುರವಣಿಯಲ್ಲಿ ಬಂದಿದ್ದ ‘ಒಲೆ ಹಚ್ಚದೆ ಅತಿಥಿ ಸತ್ಕಾರ’ ಎಂಬ ಬಣ್ಣದ ಪುಟವನ್ನು ಅವನು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಜೋಪಾನ ಮಾಡಿಟ್ಟಿದ್ದ. ಚೀಸು ಮತ್ತು ಹಣ್ಣುಗಳ ತಾಟು, ಇಂಗ್ಲಿಷಿನಲ್ಲಿ ‘ಪ್ಲಾಟರ್’! ಸೈಕಲ್ ಹತ್ತಿ ಹೋದವನು ಬೇಕರಿಯಿಂದ ಚೀಸು, ಸಂತೆಯಿಂದ ಕಲ್ಲಂಗಡಿ, ದ್ರಾಕ್ಷಿ, ಪೇರಲ, ಸೇಬು ತಂದು ಸುರಿದ. ಸಾವಿರ ಕಪ್ಪೆ ಕೊಯ್ದು ಪಳಗಿದ ಕೈ. ಕಲ್ಲಂಗಡಿ ಕಣ್ಮುಚ್ಚಿ ತೆಗೆಯುವಷ್ಟರಲ್ಲಿ ಕಮಲವಾಯಿತು, ಪೇರಲ ನಕ್ಷತ್ರವಾಯಿತು.

“ಇದೇನೋ, ಸಬಕಾರದ ತುಂಡು?”

“ಚೀಸ್ ಬೇ.”

“ಅದ ಕೇಳಾಕತ್ತೇನಿ, ಯಾವ ಚೀಜ್?”

ಕೊಟ್ರೇಶ ಒಂದು ದ್ರಾಕ್ಷಿ, ಒಂದು ಚೀಸಿನ ತುಂಡು ಸೇರಿಸಿ ಕಡ್ಡಿ ಚುಚ್ಚಿದ. ಗದಿಗೆವ್ವ ಹಣೆ ಬಡಿದುಕೊಂಡಳು. “ಉಂಡ ಮ್ಯಾಲ ಹಲ್ಲಿಗೆ ಚುಚ್ಚೂ ಕಡ್ಡಿ, ಉಣ್ಣೂಕಿಂತ ಮೊದಲ ಹಣ್ಣಿಗೆ ಚುಚ್ಚೀಯಲ್ಲೋ!”

ಅಷ್ಟರಲ್ಲಿ ಕಂಪೌಂಡ್ ಗೋಡೆಯ ಮೇಲೆ ಶಂಕ್ರಪ್ಪನ ತಲೆ ಮೂಡಿತು. ಆ ಓಣಿಯಲ್ಲಿ ಸೂರ್ಯ ಒಮ್ಮೊಮ್ಮೆ ತಡವಾಗಿ ಮೂಡುತ್ತಿದ್ದ, ಆ ತಲೆ ಎಂದೂ ತಡಮಾಡಿದ್ದಿಲ್ಲ. “ಏನ್ ಮಾಡಾಕತ್ತೀಯೋ ಕೊಟ್ರ್ಯಾ? ಭಾರೀ ಹುರುಪಿನ್ಯಾಗ ಅದೀ!”

“ಕಾಕಾ, ಒಂದು ಪ್ಲಾಟ...”

‘ಟ್ರ್‌ರ್‌ರ್’ ಎಂದಿತು ಶಂಕ್ರಪ್ಪನ ಮನೆಯ ಫೋನು. ಕೊಟ್ರೇಶನ ‘ರ್’ ಆ ಗದ್ದಲದಲ್ಲೇ ಕರಗಿಹೋಯಿತು.

“...ಬೀಗರು ನೋಡಿ ದಂಗಾಗಬೇಕ್ರಿ!” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. ತಲೆ ಫೋನಿನ ಕಡೆ ಓಡಿತು. ಕೊಟ್ರೇಶನ ಮನೆಗೂ ಅದೇ ನಂಬರು, ಅವನು ಎಲ್ಲರಿಗೂ ‘ಪಿ.ಪಿ.’, ಅಂದರೆ ಪಕ್ಕದ ಮನೆಯ ಫೋನು, ಎಂದು ಬರೆದು ಕೊಡುತ್ತಿದ್ದದ್ದು ಅದನ್ನೇ.

ಹನ್ನೊಂದಕ್ಕೆ ಸರಿಯಾಗಿ ಜೀಪು ನಿಂತಿತು. ಪ್ರಭುಲಿಂಗಪ್ಪ ದಂಪತಿಗಳ ಮುಖ ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಗೆ ಹೊಳೆಯುತ್ತಿತ್ತು. ಹಿಂದೆಯೇ, ಯಾರೂ ಕರೆಯದಿದ್ದರೂ, ಶಂಕ್ರಪ್ಪ.

“ಬರ್ರಿ, ಕುಂದ್ರಿ” ಎನ್ನುತ್ತ ಕೊಟ್ರೇಶ ತಾಟನ್ನು ನಡುವೆ ಇಟ್ಟ. ಬೀಗರ ಕಣ್ಣು ತಟ್ಟೆಯಷ್ಟೇ ಅಗಲವಾದವು. ಕೈಗಳು ತಡಮಾಡಲಿಲ್ಲ.

“ತಮ್ಮಾ, ನೀವು ಮಾಡೀರಂತ ಕೇಳಿ ಭಾಳ ಖುಷಿ ಆತು ನೋಡ್ರಿ” ಎಂದರು ಪ್ರಭುಲಿಂಗಪ್ಪ, ಕಮಲದ ಒಂದು ಎಸಳು ಬಾಯಿಗಿಟ್ಟು.

“ಇವತ್ತ ಮುಂಜಾನೆ ಮಾಡೇನ್ರಿ!” ಕೊಟ್ರೇಶನ ಎದೆ ಉಬ್ಬಿತು.

“ಇವತ್ತ! ಯಾರದೂ ಪಾಲಿಲ್ಲಲ್ಲ?”

“ಇಲ್ರಿ, ನಾನೊಬ್ಬನ. ನಮ್ಮವ್ವನೂ ಕೈ ಹಚ್ಚಿಲ್ಲ.”

“ಮೂಲೀದೋ, ನಡುವಿಂದೋ?”

“ಮೂಲಿಗೆ ದ್ರಾಕ್ಷಿ ಐತ್ರಿ, ನಡುವ ಕಲ್ಲಂಗಡಿ.”

“ಅಬ್ಬಬ್ಬಾ! ಹಂಗಾರ ನೀರು ಚಲೋ ಐತಿ ಅನ್ನು!”

“ನೀರಂತೂ ಕೇಳಬ್ಯಾಡ್ರಿ, ಚುಚ್ಚಿದಲ್ಲೆಲ್ಲಾ ನೀರ!”

ಪ್ರಭುಲಿಂಗಪ್ಪ ಹೆಂಡತಿಯ ಕಡೆ ನೋಡಿದರು. ಆಕೆ ಚೀಸು ಅಗಿಯುತ್ತಲೇ ತಲೆಯಾಡಿಸಿದರು. ಕೊಟ್ರೇಶನ ಕಿವಿಯಲ್ಲಿ ವಾಲಗ ಮೊಳಗಿತು.

ತಾಟು ಖಾಲಿಯಾಯಿತು. ಪ್ರಭುಲಿಂಗಪ್ಪ ಕೈ ಒರೆಸಿಕೊಂಡು ಎದ್ದರು. “ಹುಡುಗ ನಮಗ ಪಸಂದ. ನಡ್ರಿ ಇನ್ನ, ಆ ಪ್ಲಾಟ ತೋರಸ್ರಿ. ಹಂಗ ಅಲ್ಲೇ ಮಾತು ಮುಗಿಸಿ ಬಿಡೂಣು.”

“ಇದ ಅಲ್ರಿ ಮಾವಾರ...” ಕೊಟ್ರೇಶ ತಾಟಿನಲ್ಲಿ ಉಳಿದ ಕಡ್ಡಿಗಳನ್ನು ತೋರಿಸಿದ. “ಈಗ ತಿಂದ್ರೆಲ್ಲ?”

“ಪ್ಲಾಟ ತಿಂದೇವಾ?”

“ಪ್ಲಾಟರ್ ರೀ! ರ್! ರ್!”

ಪ್ರಭುಲಿಂಗಪ್ಪ ಶಂಕ್ರಪ್ಪನ ಕಡೆ ತಿರುಗಿದರು. “ಏನ್ರಿ, ‘ಹುಡುಗ ಪ್ಲಾಟ ಮಾಡ್ಯಾನ’ ಅಂತ ಫೋನಿನ್ಯಾಗ ಹೇಳಿದ್ರೆಲ್ಲ? ಸ್ವಂತ ಜಾಗಾ ಇಲ್ಲದ ಮನಿಗೆ ಮಗಳನ್ನ ಹೆಂಗ ಕೊಡೂದು?”

“ಕೇಳಿದ್ದು ಹೇಳೇನ್ರಿ. ‘ರ್’ ಒಂದ ಕೇಳಿಸಲಿಲ್ಲ” ಎಂದ ಶಂಕ್ರಪ್ಪ ನೊಂದ ದನಿಯಲ್ಲಿ. ಮರುಕ್ಷಣವೇ ಆ ದನಿಗೆ ಜೇನು ಸವರಿದ. “ನೀವು ಇಷ್ಟು ದೂರ ಬಂದು ಬರಿಗೈಲೆ ಹೋಗೂದು ಛಂದ ಅಲ್ಲ. ನಮ್ಮ ತಂಗಿ ಮಗ ವಿಜಯಮಹಾಂತೇಶ ಇಲ್ಲೇ ಮನ್ಯಾಗ ಅದಾನ. ಬೈಪಾಸಿಗೆ ಅವನ ಹೆಸರಿಲೆ ಎರಡ ಪ್ಲಾಟ ಅದಾವು, ತಿನ್ನಾಕ ಬರೂವಲ್ಲ, ಖರೇ ಪ್ಲಾಟ. ಒಂದೀಟು ನೋಡಿ ಹೋಗ್ರೆಲ್ಲ?”

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಚಪ್ಪಲಿ ಮೆಟ್ಟಿದರು. ಗೋಡೆಯಾಚೆ ನಡೆದೇಬಿಟ್ಟರು.

ಗದಿಗೆವ್ವ ಅರ್ಧ ಹುರಿದ ರವೆಯನ್ನು ಡಬ್ಬಿಗೆ ತುಂಬಿದಳು. ಕೊಟ್ರೇಶ ಕಡ್ಡಿ ಎಣಿಸುತ್ತ ಕುಳಿತ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಮತ್ತೆ ಆ ತಲೆ ಮೂಡಿತು, ಈ ಸಲ ಹಣೆಯ ಮೇಲೆ ಕುಂಕುಮ ಸಮೇತ.

“ಕೊಟ್ರ್ಯಾ, ನಮ್ಮ ಹುಡುಗನ್ನ ಒಪ್ಪಿಬಿಟ್ರೋ! ಬಾಯಿ ಸಿಹಿ ಮಾಡಬೇಕಾಗೇತಿ. ಬೀಗತಿ ಒಂದ ಹಟ ಹಿಡದು ಕುಂತಾರ: ‘ಆ ತಿನ್ನೂ ಪ್ಲಾಟ ಇನ್ನೊಂದು ತರಸ್ರಿ’ ಅಂತ. ಕಲ್ಲಂಗಡಿ ನಾ ಕೊಡ್ತೇನಿ, ಲಗೂ ಕೊಯ್ದು ಕೊಡಪಾ. ನಿನ್ನ ಕೈಗುಣ ಭಾಳ ಚಲೋ ಐತಿ!”